ಮದ್ದು ಮಿದುಳು ಮುಟ್ಟುವುದು ಹೇಗೆ?

– ಈ ಪೇಪರಿನ ತುಣುಕು ನೋಡು. ‘ಮರೆವಿನ ಕಾಯಿಲೆಗೆ ನೇರವಾಗಿ ಮಿದುಳಿಗೇ ಔಷಧ’ ಅಂತ ದಪ್ಪಕ್ಷರದಲ್ಲಿ ಹಾಕಿದ್ದಾರೆ. ನೀನು ಬರಲಿ, ಕೇಳೋಣ ಅಂತ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಹಾಗಾದರೆ ನಿನ್ನ ದೊಡ್ಡಪ್ಪನಿಗೆ ದಿನಾ ರಾತ್ರಿ ಊಟವಾದ ಮೇಲೆ ಕೊಡುವ ಮಾತ್ರೆ ಮಿದುಳಿಗೆ ಹೋಗುತ್ತಲೇ ಇಲ್ಲವೇ?

– ಹೋಗುತ್ತಿದೆ ದೊಡ್ಡಮ್ಮ. ಅದರ ಚಿಂತೆ ಬೇಡ. ಆ ಮಾತ್ರೆಯ ಹೆಸರು ಡೊನೆಪೆಜಿಲ್. ಡೊನೆಪೆಜಿಲ್‌ನ ಅಣುತೂಕ ಸುಮಾರು 379. ಚಿಕ್ಕದು, ಕೊಬ್ಬಿನಲ್ಲಿ ಕರಗುತ್ತದೆ, ಹಾಗಾಗಿ ರಕ್ತದಿಂದ ಮಿದುಳಿಗೆ ತಾನಾಗಿಯೇ ದಾಟುತ್ತದೆ. ಅಲ್ಲಿ ಅಸಿಟೈಲ್‌ಕೋಲಿನ್ ಬೇಗ ಒಡೆದುಹೋಗದಂತೆ ತಡೆಯುತ್ತದೆ. ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ರಾಸಾಯನಿಕ ಅದು. ಈ ಕಾಯಿಲೆಯಲ್ಲಿ ಅದಕ್ಕೇ ಬರ. ಇರುವಷ್ಟನ್ನು ಉಳಿಸಿಕೊಟ್ಟರೆ ಕೆಲವು ಕಾಲ ಕೆಲಸ ನಡೆಯುತ್ತದೆ. ಆದರೆ ನರಕೋಶಗಳು ಸಾಯುವುದನ್ನು ಈ ಮಾತ್ರೆ ನಿಲ್ಲಿಸುವುದಿಲ್ಲ. ಪತ್ರಿಕೆಯವರು ಬರೆದಿರುವುದು ಬೇರೆ ಜಾತಿಯ ಔಷಧದ ವಿಷಯ. ಕಾಯಿಲೆಯ ಬೇರಿಗೇ ಕೈಹಾಕಲು ಹೊರಟ ಔಷಧಗಳು ತೀರಾ ದೊಡ್ಡ ಅಣುಗಳು. ಒಳಗೆ ಹೋಗಲಾರದೆ ರಕ್ತದಲ್ಲೇ ಉಳಿಯುವುದು ಅವು.

– ಯಾಕೆ ಉಳಿಯಬೇಕು? ರಕ್ತ ಹೋದಲ್ಲೆಲ್ಲ ಔಷಧವೂ ಹೋಗಬೇಕಲ್ಲ. ಕಿಡ್ನಿಗೆ ಹೋಗುತ್ತೆ, ಲಿವರ್‌ಗೆ ಹೋಗುತ್ತೆ, ಮಂಡಿನೋವಿನ ಮಾತ್ರೆ ಮಂಡಿಗೂ ಹೋಗುತ್ತೆ.

– 1885ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಚುಚ್ಚಿ ನೋಡಿದರು. ಮೈಯೊಳಗಿನ ಅಂಗಗಳೆಲ್ಲ ಬಣ್ಣ ಹಿಡಿದವು, ಮಿದುಳು ಮಾತ್ರ ಹಿಡಿಯಲಿಲ್ಲ. ಮಿದುಳಿಗೆ ಆ ಬಣ್ಣ ಅಂಟುವುದಿಲ್ಲ, ಅಷ್ಟೇ ಅಂದುಕೊಂಡರು. ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಪ್ರಯೋಗವನ್ನೇ ತಿರುಗಿಸಿದರು. ಬಣ್ಣವನ್ನು ರಕ್ತಕ್ಕೆ ಬಿಡದೆ, ಮಿದುಳನ್ನು ಸುತ್ತುವರಿದ ದ್ರವಕ್ಕೆ ಬಿಟ್ಟರು. ಈ ಸಲ ಮಿದುಳು, ಬೆನ್ನುಹುರಿ ನೀಲಿಯಾದವು. ಉಳಿದ ಮೈ ಹಾಗೇ ಉಳಿಯಿತು.

– ಅಂದರೆ ಅಂಟುತ್ತೆ, ದಾಟುವುದಿಲ್ಲ. ಎಂಥ ಚೆನ್ನಾದ ಪ್ರಯೋಗ ಕಣೋ! ನಾನು ಪಿಯುಸಿಗೆ ಕೆಮಿಸ್ಟ್ರಿ ಹೇಳುತ್ತಿದ್ದಾಗ ಗೊತ್ತಿದ್ದಿದ್ದರೆ ಒಂದು ಪೀರಿಯಡ್ ಪೂರ್ತಿ ಇದನ್ನೇ ಹೇಳುತ್ತಿದ್ದೆ.

– ತಡೆ ಎಲ್ಲಿದೆ ಎನ್ನುವುದು ಕಣ್ಣಿಗೆ ಕಂಡದ್ದು 1967ರಲ್ಲಿ. ರೀಸ್ ಮತ್ತು ಕಾರ್ನೋವ್‌ಸ್ಕಿ ಎಂಬಿಬ್ಬರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಲಿಯ ಮಿದುಳಿನ ಲೋಮನಾಳಗಳನ್ನು ನೋಡಿದರು. ಬೇರೆ ಅಂಗಗಳಲ್ಲಿ ಆ ನಾಳಗಳ ಗೋಡೆಯ ಕೋಶಗಳ ನಡುವೆ ಸಂದು ಇರುತ್ತದೆ. ಮಿದುಳಿನಲ್ಲಿ ಅವು ಸಂದೇ ಇಲ್ಲದಂತೆ ಒಂದಕ್ಕೊಂದು ಬಿಗಿದುಕೊಂಡಿವೆ. ನಮ್ಮ ಮಿದುಳಿನ ಲೋಮನಾಳಗಳನ್ನೆಲ್ಲ ಜೋಡಿಸಿದರೆ ಸುಮಾರು 600 ಕಿಲೋಮೀಟರ್ ಉದ್ದವಾಗುತ್ತವಂತೆ. ಅಷ್ಟುದ್ದಕ್ಕೂ ಇದೇ ಬಿಗಿ. ಸಾಲದು ಅಂತ, ಬೇಡದ ಅಣು ಒಳಗೆ ನುಸುಳಿದರೆ ಅದನ್ನು ವಾಪಸು ರಕ್ತಕ್ಕೆ ತಳ್ಳುವ ಪಂಪ್‌ಗಳೂ ಆ ಕೋಶಗಳಲ್ಲೇ ಇವೆ. ನೀವು ಅಲರ್ಜಿಗೆ ಅವಿಲ್ ನುಂಗಿದರೆ ನಿದ್ದೆ ಬರುತ್ತದಲ್ಲ, ಅದು ಮಿದುಳಿಗೆ ದಾಟುವುದರಿಂದ. ಭೇದಿಗೆ ಕೊಡುವ ಲೋಪೆರಮೈಡ್ ಅಫೀಮಿನ ಗುಂಪಿನ ಔಷಧ. ಆದರೂ ಮಾಮೂಲಿ ಪ್ರಮಾಣದಲ್ಲಿ ಅದರಿಂದ ಮತ್ತು ಬರುವುದಿಲ್ಲ. ಆ ಪಂಪ್‌ಗಳು ಅದನ್ನು ಹೊರಗೇ ಇಡುತ್ತವೆ.

– ಈ ತಡೆಯಿಂದ ನಮಗೆ ಉಪಕಾರವೇ ಆಗಿದೆ ಅನ್ನು. ತಿಂದಿದ್ದರಲ್ಲಿ ಏನೇನೋ ಇರುತ್ತೆ, ಎಲ್ಲವೂ ತಲೆಗೆ ಹೋದರೆ ಗತಿಯೇನು?

– ಆರೋಗ್ಯವಾಗಿರುವವರಿಗೆ ಮಹೋಪಕಾರ. ಔಷಧ ಮಾಡುವವರಿಗೆ ಮಾತ್ರ ಸಂಕಟ. ಇದೇ ವಿಷಯಕ್ಕೆ ಜೀವಮಾನ ತೆತ್ತ ವಿಲಿಯಂ ಪಾರ್ಡ್ರಿಡ್ಜ್ ಎಂಬ ಅಮೆರಿಕದ ವಿಜ್ಞಾನಿ ಲೆಕ್ಕ ಕೊಟ್ಟಿದ್ದಾರೆ: ಸಣ್ಣ ಅಣುಗಳಲ್ಲೇ ಶೇ. 98ರಷ್ಟು ಮಿದುಳಿಗೆ ದಾಟುವುದಿಲ್ಲ. ದೊಡ್ಡ ಅಣುಗಳಲ್ಲಂತೂ ಬಹುಮಟ್ಟಿಗೆ ಯಾವುದೂ ದಾಟುವುದಿಲ್ಲ.

– ಮುಂದಿನ ಬೀದಿಯ ಮೇಷ್ಟ್ರಿಗೆ ಪಾರ್ಕಿನ್‌ಸನ್. ಸಿಂಡೋಪಾ ತಗೋತಾರೆ. ಮಿದುಳಿನಲ್ಲಿ ಡೋಪಮಿನ್ ಕಡಿಮೆ ಆಗಿದೆ ಅಂತ ಡಾಕ್ಟರು ಹೇಳಿದರಂತೆ. ಹಾಗಿದ್ದರೆ ಡೋಪಮಿನ್ನನ್ನೇ ಕೊಡಬಾರದೇಕೆ ಅಂತ ನಾನು ಯೋಚಿಸಿದ್ದೆ.

– ಡೋಪಮಿನ್ ದಾಟುವುದಿಲ್ಲ. ಲೆವೊಡೋಪಾ ದಾಟುತ್ತದೆ, ಏಕೆಂದರೆ ಅದು ಅಮೈನೊ ಆಮ್ಲ. ಮಿದುಳಿಗೂ ಆಹಾರ ಬೇಕಲ್ಲ, ಅದಕ್ಕಾಗಿ ಅಮೈನೊ ಆಮ್ಲಗಳನ್ನು ರಕ್ತದಿಂದ ಎತ್ತಿ ಒಳಗೆ ಸಾಗಿಸುವ ಪ್ರೋಟೀನುಗಳು ನಾಳದ ಗೋಡೆಯಲ್ಲಿವೆ. ಲೆವೊಡೋಪಾ ಅವುಗಳ ಮೂಲಕ ಒಳಗೆ ಹೋಗಿ ಅಲ್ಲಿ ಡೋಪಮಿನ್ ಆಗುತ್ತದೆ. ಬೇಳೆ, ಮೊಟ್ಟೆ ತುಂಬಾ ತಿಂದ ಹೊತ್ತಿನಲ್ಲಿ ಆ ಮಾತ್ರೆ ಬೇಡ ಅನ್ನುವುದೂ ಇದಕ್ಕೇ. ಊಟದ ಅಮೈನೊ ಆಮ್ಲವೂ ಔಷಧವೂ ಅದೇ ದಾರಿಗೆ ಪೈಪೋಟಿ ಮಾಡುತ್ತವೆ. ಮಿದುಳು ತನಗೆ ಬೇಕಾದ್ದನ್ನು ತರಿಸಿಕೊಳ್ಳುವ ದಾರಿಯಲ್ಲೇ ಮದ್ದನ್ನೂ ಕಳಿಸುವುದು. ಇವತ್ತು ಅಲ್ಝೈಮರ್‌ಗೆ ಮಾಡುತ್ತಿರುವುದರ ಮೂಲ ವಿಚಾರವೂ ಇದೇ.

– ಸರಿ, ಅಲ್ಝೈಮರ್‌ಗೆ ಬಾ. ಬೇರಿಗೆ ಕೈಹಾಕುವ ಔಷಧ ಅಂದೆಯಲ್ಲ, ಅದು ಯಾವುದು?

– 1906ರಲ್ಲಿ ಆಲೋಯಿಸ್ ಅಲ್ಝೈಮರ್ ತಮ್ಮ ರೋಗಿಯೊಬ್ಬಳ ಮಿದುಳನ್ನು ಅವಳು ತೀರಿಕೊಂಡ ಮೇಲೆ ಪರೀಕ್ಷಿಸಿ ಎರಡು ವಿಕಾರಗಳನ್ನು ವರದಿ ಮಾಡಿದರು. ನರಕೋಶಗಳ ಹೊರಗೆ ಗಂಟು ಗಂಟಾದ ಕಲೆಗಳು, ಕೋಶಗಳ ಒಳಗೆ ಸಿಕ್ಕುಸಿಕ್ಕಾದ ಎಳೆಗಳು. ಹೊರಗಿನದು ಅಮಿಲಾಯ್ಡ್ ಬೀಟಾ, ಒಳಗಿನದು ಟೌ ಎಂಬ ಪ್ರೋಟೀನ್ ಅಂತ ಎಷ್ಟೋ ದಶಕಗಳ ಮೇಲೆ ಗೊತ್ತಾಯಿತು. ಅಮಿಲಾಯ್ಡನ್ನು ಗುರುತಿಸಿ ತೆಗೆಸುವ ಪ್ರತಿಕಾಯಗಳನ್ನು ಈಗ ಲ್ಯಾಬಿನಲ್ಲಿ ತಯಾರಿಸುತ್ತಾರೆ. ಅವುಗಳಲ್ಲಿ ಲೆಕಾನೆಮ್ಯಾಬ್‌ಗೆ ಅಮೆರಿಕದಲ್ಲಿ 2023ರ ಜುಲೈನಲ್ಲಿ ಪೂರ್ಣ ಒಪ್ಪಿಗೆ ಸಿಕ್ಕಿತು. ಮರುವರ್ಷ ಡೊನಾನೆಮ್ಯಾಬ್‌ಗೆ. ಇಂಥ ಪ್ರತಿಕಾಯದ ಅಣುತೂಕ ಸುಮಾರು ಒಂದೂವರೆ ಲಕ್ಷ.

– ಒಂದೂವರೆ ಲಕ್ಷ! ಅದು ಹೇಗೆ ದಾಟೀತು?

– ದಾಟುವುದು ಅತ್ಯಲ್ಪ. ರಕ್ತದಲ್ಲಿರುವ ಮಟ್ಟಕ್ಕೆ ಹೋಲಿಸಿದರೆ ಮಿದುಳಿನಲ್ಲಿ ಸಿಗುವುದು ಸಾವಿರಕ್ಕೆ ಒಂದು ಪಾಲಿನ ಆಸುಪಾಸು. ಅಷ್ಟು ಸಿಗಲೆಂದು ಉಳಿದದ್ದನ್ನೆಲ್ಲ ಮೈತುಂಬಾ ಹರಿಸಬೇಕು. ಲೆಕಾನೆಮ್ಯಾಬ್ ಆದರೆ ಕಿಲೋ ತೂಕಕ್ಕೆ 10 ಮಿಲಿಗ್ರಾಂ ಲೆಕ್ಕದಲ್ಲಿ ಎರಡು ವಾರಕ್ಕೊಮ್ಮೆ ಡ್ರಿಪ್.

– ಅದರಿಂದ ಗುಣ ಎಷ್ಟು?

– ಸುತ್ತಿಬಳಸದೆ ಹೇಳುತ್ತೇನೆ. 1,795 ಜನರ ಮೇಲೆ 18 ತಿಂಗಳು ಪರೀಕ್ಷೆ ಮಾಡಿದರು. ಎಲ್ಲರೂ ಕಾಯಿಲೆಯ ತೀರಾ ಆರಂಭದಲ್ಲಿದ್ದವರು. ಔಷಧ ಪಡೆದವರಲ್ಲೂ ಕಾಯಿಲೆ ಮುಂದುವರಿಯಿತು, ಆದರೆ ಶೇ. 27ರಷ್ಟು ನಿಧಾನವಾಗಿ. 18 ಅಂಕಗಳ ಅಳತೆಗೋಲಿನಲ್ಲಿ ಎರಡು ಗುಂಪುಗಳ ವ್ಯತ್ಯಾಸ 0.45. ಶೇ. 27 ಅಂದರೆ ದೊಡ್ಡದಾಗಿ ಕೇಳಿಸುತ್ತದೆ, 0.45 ಅಂದರೆ ಚಿಕ್ಕದಾಗಿ. ಎರಡೂ ಒಂದೇ ಫಲಿತಾಂಶ. ಪತ್ರಿಕೆಗಳು ಮೊದಲನೆಯದನ್ನು ಮಾತ್ರ ಅಚ್ಚು ಹಾಕುವುದು ಮನೆಯವರಿಗೆ ಮಾಡುವ ಅನ್ಯಾಯ ಅಂತ ನನ್ನ ಅಭಿಪ್ರಾಯ. ಇನ್ನು, ಔಷಧ ಪಡೆದವರಲ್ಲಿ ಶೇ. 12.6 ಜನರ ಮಿದುಳಿನಲ್ಲಿ ನೀರು ತುಂಬಿ ಊತ ಕಂಡಿತು. ಸಣ್ಣ ರಕ್ತಸ್ರಾವಗಳೂ ಆದವು. ಎಷ್ಟೋ ಜನರಿಗೆ ಅದು ಸ್ಕ್ಯಾನಿನಲ್ಲಿ ಕಂಡದ್ದು ಬಿಟ್ಟರೆ ಅನುಭವಕ್ಕೇ ಬರಲಿಲ್ಲ. ಆದರೆ ಈ ಬಗೆಯ ಔಷಧಗಳಿಂದ ಸಾವುಗಳೂ ವರದಿಯಾಗಿವೆ.

– ಕಾಯಿಲೆಯ ಮಿದುಳಿಗೆ ಮದ್ದಿನಿಂದಲೇ ರಕ್ತಸ್ರಾವವೇ? ಯಾಕೆ ಹಾಗೆ?

– ಅಮಿಲಾಯ್ಡ್ ನರಕೋಶಗಳ ನಡುವೆ ಮಾತ್ರ ಕೂತಿರುವುದಿಲ್ಲ, ರಕ್ತನಾಳಗಳ ಗೋಡೆಯಲ್ಲೂ ಸೇರಿಕೊಂಡಿರುತ್ತದೆ. ಪ್ರತಿಕಾಯ ಅಲ್ಲಿಯದನ್ನೂ ಕೀಳುವಾಗ ಗೋಡೆ ದುರ್ಬಲವಾಗಿ ಸೋರುತ್ತದೆ. ಮದ್ದು ಎಷ್ಟು ಹೋಯಿತು ಅನ್ನುವುದರ ಜೊತೆಗೆ ಯಾವ ದಾರಿಯಲ್ಲಿ ಹೋಯಿತು, ಎಲ್ಲಿ ಇಳಿಯಿತು ಅನ್ನುವುದೂ ಮುಖ್ಯವಾಗುವುದು ಇಲ್ಲಿ. ಪೇಪರಿನವರು ಬರೆದಿರುವ ಹೊಸ ಔಷಧದ ವಿಶೇಷವೂ ಅದೇ.

– ಹೇಳು, ನಿಧಾನವಾಗಿ ಹೇಳು. ನನಗೆ ಬೇಕಾದದ್ದು ಅದು.

– ಮಿದುಳಿಗೆ ಕಬ್ಬಿಣ ಬೇಕು. ರಕ್ತದಲ್ಲಿ ಕಬ್ಬಿಣವನ್ನು ಹೊರುವ ಪ್ರೋಟೀನು ಟ್ರಾನ್ಸ್‌ಫೆರಿನ್. ಮಿದುಳಿನ ಲೋಮನಾಳಗಳ ಕೋಶಗಳ ಮೇಲೆ ಅದಕ್ಕಾಗಿ ಗ್ರಾಹಕಗಳಿವೆ. ಟ್ರಾನ್ಸ್‌ಫೆರಿನ್ ಬಂದು ಕೂತರೆ ಕೋಶ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಗ್ರಾಹಕವನ್ನು ಹಿಡಿಯಬಲ್ಲ ತುಣುಕೊಂದನ್ನು ಔಷಧಕ್ಕೆ ಸೇರಿಸಿದರೆ? ಈ ಯೋಚನೆ ಹಳೆಯದು. 1990ರ ದಶಕದ ಆರಂಭದಲ್ಲೇ ಇಲಿಗಳಲ್ಲಿ ಮಾಡಿ ತೋರಿಸಿದ್ದರು. ಆದರೆ ಮಿದುಳಿಗೆ ಸೇರಿದ್ದು ಎಣಿಸಿದಷ್ಟು ಇರಲಿಲ್ಲ. ಗ್ರಾಹಕವನ್ನು ಇನ್ನೂ ಬಿಗಿಯಾಗಿ ಹಿಡಿಯುವ ಹಾಗೆ ಮಾಡೋಣ ಅಂತ ಯಾರಿಗಾದರೂ ಅನಿಸುತ್ತದೆ. 2011ರಲ್ಲಿ ಜೆನೆನ್‌ಟೆಕ್ ಕಂಪನಿಯ ವಿಜ್ಞಾನಿಗಳು ಅದಕ್ಕೆ ವಿರುದ್ಧವಾದದ್ದನ್ನು ತೋರಿಸಿದರು. ಹಿಡಿತ ಸಡಿಲಿಸಿದಾಗಲೇ ಮಿದುಳಿಗೆ ಹೆಚ್ಚು ಸೇರಿತು.

– ಅಲ್ಲವೇ ಮತ್ತೆ! ತಲಕಾಡಿನಲ್ಲಿ ತೆಪ್ಪ ಹತ್ತಿ ಆಚೆ ದಡ ಮುಟ್ಟಿದವನು ತೆಪ್ಪವನ್ನೇ ಅಪ್ಪಿಕೊಂಡು ಕೂತರೆ, ಅಂಬಿಗ ಅವನನ್ನು ಈಚೆ ದಡಕ್ಕೇ ವಾಪಸು ತರುತ್ತಾನೆ. ಹತ್ತುವಷ್ಟು ಹಿಡಿತ ಬೇಕು, ಇಳಿಯುವಷ್ಟು ಸಡಿಲವೂ ಬೇಕು.

– ಸರಿಯಾಗಿ ಹೇಳಿದಿರಿ. ಬಿಗಿಯಾಗಿ ಹಿಡಿದ ಪ್ರತಿಕಾಯ ನಾಳದ ಗೋಡೆಯ ಕೋಶದಲ್ಲೇ ಉಳಿದು ಅಲ್ಲೇ ನಾಶವಾಗುತ್ತಿತ್ತು. ಈ ವಿಧಾನದಿಂದ ಮಿದುಳು ಮುಟ್ಟುವ ಔಷಧವೊಂದು ಬಳಕೆಗೂ ಬಂದಿದೆ, ಅಲ್ಝೈಮರ್‌ಗೆ ಅಲ್ಲ. ಹಂಟರ್ ಸಿಂಡ್ರೋಮ್ ಅಂತ ಮಕ್ಕಳಿಗೆ ಹುಟ್ಟಿನಿಂದ ಬರುವ ಅಪರೂಪದ ಕಾಯಿಲೆ. ಮೈಯಲ್ಲಿ ಒಂದು ಕಿಣ್ವವೇ ಇರುವುದಿಲ್ಲ. ಆ ಕಿಣ್ವವನ್ನು ಟ್ರಾನ್ಸ್‌ಫೆರಿನ್ ಗ್ರಾಹಕದ ಮೂಲಕ ಮಿದುಳಿಗೆ ದಾಟಿಸುವ ಔಷಧಕ್ಕೆ ಜಪಾನ್ 2021ರಲ್ಲಿ ಒಪ್ಪಿಗೆ ಕೊಟ್ಟಿತು. ಹಾಗಾಗಿ ಇದು ಬರೀ ಕಾಗದದ ಮೇಲಿನ ಮಾತಲ್ಲ.

– ಅಲ್ಝೈಮರ್‌ಗೆ?

– ರೋಶ್ ಕಂಪನಿಯದು ಗ್ಯಾಂಟೆನೆರುಮ್ಯಾಬ್ ಎಂಬ ಪ್ರತಿಕಾಯ ಇತ್ತು. 2022ರ ನವೆಂಬರಿನಲ್ಲಿ ಅದರ ಎರಡು ದೊಡ್ಡ ಪರೀಕ್ಷೆಗಳು ಸೋತವು. ಎಣಿಸಿದಷ್ಟು ಅಮಿಲಾಯ್ಡನ್ನು ಅದು ತೆಗೆಯಲೇ ಇಲ್ಲ. ಅದೇ ಪ್ರತಿಕಾಯಕ್ಕೆ ಟ್ರಾನ್ಸ್‌ಫೆರಿನ್ ಗ್ರಾಹಕ ಹಿಡಿಯುವ ತುಣುಕು ಸೇರಿಸಿ ಮಾಡಿದ್ದು ಟ್ರಾಂಟಿನೆಮ್ಯಾಬ್. ಕಿಲೋಗೆ 3.6 ಮಿಲಿಗ್ರಾಂ ಮಾತ್ರ ಕೊಟ್ಟು 28 ವಾರ ನೋಡಿದಾಗ ಶೇ. 91 ಜನರ ಅಮಿಲಾಯ್ಡ್ ಪೆಟ್ ಸ್ಕ್ಯಾನಿನಲ್ಲಿ ಕಾಯಿಲೆಯ ಮಟ್ಟಕ್ಕಿಂತ ಕೆಳಗಿಳಿದಿತ್ತು ಎಂದು 2025ರಲ್ಲಿ ವರದಿ ಮಾಡಿದರು. ಮಿದುಳಿನ ಊತ ಶೇ. 5ಕ್ಕಿಂತ ಕಡಿಮೆ. ಸೋತ ಔಷಧವೇ, ದಾರಿ ಬದಲಾದದ್ದಕ್ಕೆ ಬೇರೆಯೇ ಔಷಧದಂತೆ ಕೆಲಸ ಮಾಡಿತು. ಮಿದುಳಿನ ಎಲ್ಲ ಭಾಗಕ್ಕೂ ಹರಡಿದ ಸಣ್ಣ ಲೋಮನಾಳಗಳ ಮೂಲಕ ಹೋಗುವುದರಿಂದ, ಅಮಿಲಾಯ್ಡ್ ಮೆತ್ತಿದ ದೊಡ್ಡ ನಾಳಗಳ ಗೋಡೆಗೆ ಅಷ್ಟು ಪೆಟ್ಟು ಬೀಳುವುದಿಲ್ಲ ಎಂಬುದು ಅವರ ತರ್ಕ. ಆದರೆ ಎಳೆಯ ಕೆಂಪು ರಕ್ತಕಣಗಳ ಮೇಲೂ ಇದೇ ಗ್ರಾಹಕ ಇದೆ, ಹಾಗಾಗಿ ರಕ್ತಹೀನತೆ ಕಾಣಿಸಿಕೊಳ್ಳುತ್ತದೆ. ಅರ್ಧಕ್ಕರ್ಧ ಹೆಂಗಸರಿಗೆ ರಕ್ತ ಕಡಿಮೆ ಇರುವ ನಮ್ಮ ದೇಶದಲ್ಲಿ ಇದನ್ನು ಲಘುವಾಗಿ ತೆಗೆದುಕೊಳ್ಳಲು ಆಗುವುದಿಲ್ಲ.

– ಇರು. ನೀನು ಹೇಳಿದ್ದೆಲ್ಲ ಅಮಿಲಾಯ್ಡ್ ಹೋಯಿತು ಅಂತ. ನೆನಪು ಉಳಿಯಿತು ಅಂತ ನಿನ್ನ ಬಾಯಲ್ಲಿ ಒಂದು ಸಲವೂ ಬರಲಿಲ್ಲ.

– ಬರಲಿಲ್ಲ, ಯಾಕೆಂದರೆ ಅದು ಇನ್ನೂ ಗೊತ್ತಾಗಬೇಕು. ನೆನಪಿಗೆ, ದಿನನಿತ್ಯದ ಬದುಕಿಗೆ ಏನಾದರೂ ಪ್ರಯೋಜನವಿದೆಯೇ ಅಂತ ನೋಡುವ ಮೂರನೇ ಹಂತದ ಪರೀಕ್ಷೆಗಳು 2025ರಲ್ಲಷ್ಟೇ ಶುರುವಾಗಿವೆ. ಅಮಿಲಾಯ್ಡ್ ತೆಗೆದರೆ ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲ. ಅಷ್ಟು ಹೊತ್ತಿಗೆ ಟೌ ತನ್ನ ಪಾಡಿಗೆ ಹರಡಿರುತ್ತದೆ. ಆದರೂ ಈ ದಾರಿಯ ಮೇಲೆ ನನಗೆ ನಂಬಿಕೆ ಇದೆ. ಅದು ಅಮಿಲಾಯ್ಡ್‌ಗಷ್ಟೇ ಸೀಮಿತವಲ್ಲ. ನಾಳೆ ಟೌ ಮೇಲೆ ಒಳ್ಳೆಯ ಪ್ರತಿಕಾಯ ಸಿಕ್ಕರೂ ಅದನ್ನು ಒಳಗೆ ಮುಟ್ಟಿಸಲು ಇದೇ ವಿಧಾನ ಬೇಕು.

– ಶಬ್ದದ ಅಲೆಯಿಂದ ತಡೆ ತೆರೆಯುತ್ತಾರೆ ಅಂತಲೂ ಈ ತುಣುಕಿನಲ್ಲಿದೆ. ಅದು ನಿಜವೇ?

– ನಿಜ. ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆಗಳನ್ನು ರಕ್ತಕ್ಕೆ ಬಿಟ್ಟು, ತಲೆಯ ಹೊರಗಿನಿಂದ ಅಲ್ಟ್ರಾಸೌಂಡ್ ಅಲೆಗಳನ್ನು ಮಿದುಳಿನ ಒಂದು ಜಾಗಕ್ಕೆ ಕೇಂದ್ರೀಕರಿಸುತ್ತಾರೆ. ಅಲ್ಲಿ ಗುಳ್ಳೆಗಳು ಹಿಗ್ಗಿ ಕುಗ್ಗಿ ನಾಳದ ಬಿಗಿಯನ್ನು ತಾತ್ಕಾಲಿಕವಾಗಿ ಸಡಿಲಿಸುತ್ತವೆ. ಕೆಲವೇ ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನದಲ್ಲಿ ತಡೆ ಮೊದಲಿನಂತಾಗುತ್ತದೆ. ಕೆನಡಾದ ಟೊರೊಂಟೊದಲ್ಲಿ ಐವರು ಅಲ್ಝೈಮರ್ ರೋಗಿಗಳಲ್ಲಿ ಹೀಗೆ ತೆರೆದು ನೋಡಿ, ದೊಡ್ಡ ಅಪಾಯವಿಲ್ಲ ಅಂತ 2018ರಲ್ಲಿ ಪ್ರಕಟಿಸಿದರು. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಅಲಿ ರೆಜಾಯಿ ಅವರ ತಂಡ ಇದರ ಜೊತೆಗೆ ಪ್ರತಿಕಾಯವನ್ನೂ ಕೊಟ್ಟು 2024ರ ಜನವರಿಯಲ್ಲಿ ಫಲಿತಾಂಶ ಹೇಳಿತು. ಅಲೆ ತಾಗಿಸಿದ ಭಾಗದಲ್ಲಿ, ತಾಗಿಸದ ಭಾಗಕ್ಕಿಂತ, ಅಮಿಲಾಯ್ಡ್ ಸರಾಸರಿ ಶೇ. 32ರಷ್ಟು ಹೆಚ್ಚು ಇಳಿದಿತ್ತು. ರೋಗಿಗಳು ಮೂವರೇ.

– ಮೂವರೇ! ನಮ್ಮ ಓಣಿಯಲ್ಲೇ ಅದಕ್ಕಿಂತ ಹೆಚ್ಚು ಜನ ಇದ್ದಾರೆ. ಮತ್ತೆ ಈ ಮೂಗಿನ ತೊಟ್ಟು? ಹಿಂದಿನ ಮನೆಯವರು ಯಾರೋ ಮಾರುವುದನ್ನು ತಂದು ತೋರಿಸಿದರು. ಮೂಗಿಗೆ ಬಿಟ್ಟರೆ ಸೀದಾ ಮಿದುಳಿಗೆ ಹೋಗುತ್ತೆ, ತಿಂಗಳಲ್ಲಿ ಗುರುತು ಹಿಡೀತಾರೆ ಅಂದರು. ಬೆಲೆ ಕೇಳಿ ಎದೆ ಧಸಕ್ಕೆಂದಿತು.

– ಕೊಳ್ಳಬೇಡಿ ದೊಡ್ಡಮ್ಮ. ಮೂಗಿನ ಮೇಲ್ಭಾಗದಲ್ಲಿ ವಾಸನೆ ಹಿಡಿಯುವ ನರಗಳು ಮಿದುಳಿಗೆ ನೇರ ತಾಗಿರುವುದು ಸತ್ಯ. ಆ ದಾರಿಯನ್ನು ದೊಡ್ಡ ದೊಡ್ಡ ಲ್ಯಾಬುಗಳು ಗಂಭೀರವಾಗಿಯೇ ಪರೀಕ್ಷಿಸಿವೆ. ಮೂಗಿನ ಮೂಲಕ ಇನ್ಸುಲಿನ್ ಕೊಟ್ಟ 289 ಜನರ ಪರೀಕ್ಷೆಯ ಫಲ 2020ರಲ್ಲಿ ಬಂತು. ನೆನಪಿನ ಶಕ್ತಿಯಲ್ಲಿ ಪ್ರಯೋಜನ ಕಾಣಲಿಲ್ಲ. ಅಷ್ಟು ಕಷ್ಟಪಟ್ಟವರೇ ‘ಇಲ್ಲ’ ಅಂದಿರುವಾಗ, ಪರೀಕ್ಷೆಯನ್ನೇ ಮಾಡದೆ ತಿಂಗಳಲ್ಲಿ ಗುಣ ಅನ್ನುವವರು ನೊಂದ ಮನೆಗಳನ್ನು ಹುಡುಕಿ ದೋಚುತ್ತಿದ್ದಾರೆ. ನನಗೆ ಸಿಟ್ಟು ಬರುವುದು ಇದಕ್ಕೇ. ಔಷಧ ಹೊರುವ ನ್ಯಾನೋ ಕಣಗಳ ಸುದ್ದಿ ಕೇಳಿದರೂ ಈಗಲೇ ನಂಬಿಬಿಡಬೇಡಿ. ಕೊಬ್ಬಿನ, ಪಾಲಿಮರಿನ ಕಣಗಳಲ್ಲಿ ಔಷಧ ತುಂಬಿ ಇಲಿಯ ಮಿದುಳಿಗೆ ಸೇರಿಸಿದ ಪ್ರಬಂಧಗಳು ಲೆಕ್ಕವಿಲ್ಲದಷ್ಟು. ಆದರೆ ಆ ಇಲಿಗಳು ಮನುಷ್ಯರ ಜೀನ್ ಸೇರಿಸಿ ಕಾಯಿಲೆ ಬರಿಸಿದ ಇಲಿಗಳು. ಅಲ್ಲಿ ಗೆದ್ದು ಮನುಷ್ಯರಲ್ಲಿ ಸೋತ ಔಷಧಗಳ ಸಾಲು ಬಹಳ ಉದ್ದವಿದೆ.

– ನಮ್ಮವರು ಯಾರೂ ಇದರಲ್ಲಿ ಕೆಲಸ ಮಾಡುತ್ತಿಲ್ಲವೇ?

– ಮಾಡುತ್ತಿದ್ದಾರೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದ ಟಿ. ಗೋವಿಂದರಾಜು ಅವರ ತಂಡ, ತಾನಾಗಿ ತಡೆ ದಾಟುವ ಟಿಜಿಆರ್63 ಎಂಬ ಸಣ್ಣ ಅಣುವನ್ನು ರೂಪಿಸಿ ಇಲಿಗಳಲ್ಲಿ ಅಮಿಲಾಯ್ಡ್ ಕಡಿಮೆಯಾದದ್ದನ್ನು ತೋರಿಸಿದೆ. ನನಗೆ ಇನ್ನೂ ಇಷ್ಟವಾದದ್ದು ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ತಂಡದ 2012ರ ಪ್ರಬಂಧ. ಕಾಯಿಲೆಯ ಇಲಿಗಳಿಗೆ ಅಶ್ವಗಂಧದ ಬೇರಿನ ಸಾರ ತಿನ್ನಿಸಿದರು, ಅಮಿಲಾಯ್ಡ್ ಇಳಿಯಿತು. ಹೇಗೆ ಅಂತ ಹುಡುಕಿದರೆ ಕೆಲಸ ನಡೆದದ್ದು ಲಿವರಿನಲ್ಲಿ! ಅಲ್ಲಿ ಒಂದು ಗ್ರಾಹಕ ಹೆಚ್ಚಾಗಿ, ರಕ್ತದಲ್ಲಿದ್ದ ಅಮಿಲಾಯ್ಡನ್ನು ಎಳೆದುಕೊಂಡಿತು. ಮಿದುಳಿನದು ರಕ್ತಕ್ಕೆ ಇಳಿದುಬಂತು.

– ಅಂದರೆ ಮದ್ದು ಒಳಗೆ ಹೋಗಬೇಕಾಗಿಯೇ ಇಲ್ಲ, ಕೊಳೆ ಹೊರಗೆ ಬಂದರೂ ಸಾಕು. ಆಹಾ! ಹಾಗಾದರೆ ಅಶ್ವಗಂಧ ತರಿಸಲೇ?

– ಅದೂ ಇಲಿಯಲ್ಲಿ ಕಂಡದ್ದು, ದೊಡ್ಡಮ್ಮ. ಡಾಕ್ಟರನ್ನು ಕೇಳದೆ ದೊಡ್ಡಪ್ಪನ ಮಾತ್ರೆಗಳ ಜೊತೆ ಏನನ್ನೂ ಬೆರೆಸಬೇಡಿ.

– ಸರಿ, ಇನ್ನು ಕೇಳಬೇಕಾದ್ದನ್ನೇ ಕೇಳುತ್ತೇನೆ. ಹೆಬ್ಬಾಳದ ಸೈಟು ಇದೆ. ಮಾರಿದರೆ ಇವರಿಗೆ ಆ ಲೆಕಾನೆಮ್ಯಾಬ್ ಕೊಡಿಸಬಹುದೇ? ಮಕ್ಕಳು ಬೇಡ ಅನ್ನುವುದಿಲ್ಲ. ನೀನು ನಿಜ ಹೇಳು.

– ಮಾರಬೇಡಿ. ಅಮೆರಿಕದಲ್ಲಿ ಅದರ ಘೋಷಿತ ಬೆಲೆ ವರ್ಷಕ್ಕೆ 26,500 ಡಾಲರ್. ಜೊತೆಗೆ ಪದೇ ಪದೇ ಎಂಆರ್‌ಐ ಆಗಬೇಕು. ದುಡ್ಡು ಇದ್ದರೂ ನಾನು ಬೇಡವೆಂದೇ ಹೇಳುತ್ತೇನೆ. ಆ ಔಷಧವನ್ನು ಪರೀಕ್ಷಿಸಿದ್ದು, ಒಪ್ಪಿಗೆ ಕೊಟ್ಟದ್ದು ಆರಂಭದ ಹಂತದವರಿಗೆ ಮಾತ್ರ. ತಮ್ಮ ವ್ಯವಹಾರ ತಾವೇ ನೋಡಿಕೊಳ್ಳುತ್ತಾ, ಆಗಾಗ ತಡವರಿಸುವವರಿಗೆ. ದೊಡ್ಡಪ್ಪ ಆ ಹಂತ ದಾಟಿದ್ದಾರೆ. ಈಗ ಕೊಟ್ಟರೆ ಪ್ರಯೋಜನಕ್ಕೆ ಆಧಾರವಿಲ್ಲ, ಅಪಾಯವಂತೂ ಇದೆ. ರಕ್ತ ತೆಳುವಾಗಲು ಮಾತ್ರೆ ತಗೊಳ್ಳುವವರಿಗೆ ಆ ಅಪಾಯ ಇನ್ನೂ ಹೆಚ್ಚು. ದೊಡ್ಡಪ್ಪ ತಗೊಳ್ಳುತ್ತಿದ್ದಾರೆ.

– ನೀನು ಹೀಗೇ ಹೇಳುತ್ತೀಯ ಅಂತ ಒಳಗೊಳಗೇ ಅನಿಸಿತ್ತು. ಹೋಗಲಿ ಬಿಡು. ರಾತ್ರಿ ಎದ್ದು ಗೇಟು ತೆಗೆಯಲು ಹೋಗುತ್ತಾರೆ, ನನಗೆ ಈಗ ಒಬ್ಬಳಿಗೇ ತಡೆಯಲು ಆಗುವುದಿಲ್ಲ. ಸೈಟಿನ ಬಾಡಿಗೆ ಬರುತ್ತದಲ್ಲ, ಅದರಲ್ಲಿ ರಾತ್ರಿ ಪಾಳಿಗೆ ಒಬ್ಬರನ್ನು ಇಟ್ಟುಕೊಳ್ಳುತ್ತೇನೆ.

– ಇಡಿ, ಈ ತಿಂಗಳೇ ಇಡಿ. ನಿಮಗೆ ನಿದ್ದೆ ಆದರೆ ಅವರಿಗೂ ಒಳ್ಳೆಯದು. ಅದು ಯಾವ ಡ್ರಿಪ್‌ಗಿಂತಲೂ ಕಡಿಮೆ ಅಲ್ಲ.

– ಇನ್ನೊಂದು ವಿಷಯ. ನನ್ನ ತಮ್ಮ, ನಿನ್ನ ಚಿಕ್ಕ ಮಾವ, ಇತ್ತೀಚೆಗೆ ಹೇಳಿದ್ದನ್ನೇ ಹೇಳುತ್ತಾನೆ. ಮೊನ್ನೆ ಎಟಿಎಂ ಪಿನ್ ಮರೆತ. ಅವನ ಹೆಂಡತಿ, ವಯಸ್ಸಾಯಿತು, ಅರಳುಮರಳು ಅಂತ ನಗುತ್ತಾಳೆ. ಅವನಿಗೆ ಇನ್ನೂ 64.

– ನಗುವ ವಿಷಯವಲ್ಲ ಅದು. ನಮ್ಮ ಕಡೆ ಅರಳುಮರಳು ಅಂತ ವರ್ಷಗಟ್ಟಲೆ ತಳ್ಳುತ್ತಾರೆ, ಡಾಕ್ಟರ ಹತ್ತಿರ ಬರುವ ಹೊತ್ತಿಗೆ ಈ ಹೊಸ ಔಷಧಗಳು ಉಪಯೋಗಕ್ಕೆ ಬರುವ ಕಾಲ ಮುಗಿದಿರುತ್ತದೆ. ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಅಂತ ರಾಷ್ಟ್ರಮಟ್ಟದ ಒಂದು ಅಧ್ಯಯನ ಅಂದಾಜು ಮಾಡಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರದವರು 45 ದಾಟಿದ ಸಾವಿರಾರು ಜನರನ್ನು ಕಾಲಕಾಲಕ್ಕೆ ಪರೀಕ್ಷಿಸುತ್ತಿರುವುದು, ಕಾಯಿಲೆ ಕಾಣಿಸಿಕೊಳ್ಳುವ ಮೊದಲೇ ಅದರ ಸುಳಿವು ಸಿಗುತ್ತದೆಯೇ ನೋಡೋಣ ಅಂತ. ಎಷ್ಟೇ ಜಾಣತನದಿಂದ ಮದ್ದನ್ನು ಮಿದುಳಿಗೆ ಮುಟ್ಟಿಸಿದರೂ, ಉಳಿಸಬೇಕಾದ ನರಕೋಶ ಅಲ್ಲಿ ಇನ್ನೂ ಬದುಕಿರಬೇಕಲ್ಲ.

– ಹಾಗಾದರೆ ಅವನನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ?

– ನಿಮ್ಹಾನ್ಸ್‌ಗೆ, ಇಲ್ಲವೇ ಹತ್ತಿರದ ಯಾರಾದರೂ ನರರೋಗ ತಜ್ಞರಿಗೆ ತೋರಿಸಿ. ಮೊದಲೇ ಹೆದರಿಸಬೇಡಿ. ವಿಟಮಿನ್ ಬಿ12 ಕಡಿಮೆಯಾದರೂ, ಥೈರಾಯ್ಡ್ ಏರುಪೇರಾದರೂ, ಮನಸ್ಸು ಕುಗ್ಗಿದ್ದರೂ ಮರೆವು ಹೀಗೇ ಶುರುವಾಗುತ್ತದೆ. ಅವಕ್ಕೆಲ್ಲ ಇವತ್ತೇ ಔಷಧವಿದೆ.